ಮೊಟ್ಟೆ ಕಾಯುವ ಅಪ್ಪ, ಹಾಲುಣಿಸುವ ಅಮ್ಮ: ಉಭಯವಾಸಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಮುಂಗಾರು ಹಿಡಿದ ಮೇಲೆ ಬೆಂಗಳೂರಿನ ನಾನಾ ಬಡಾವಣೆಗಳಿಂದ ಕಪ್ಪೆಗಳ ಕುರಿತು ಪತ್ರಗಳು ಬಂದಿವೆ. ಕಪ್ಪೆಗಳು ಹೇಗೆ ಮರಿ ಮಾಡುತ್ತವೆ, ಮರಿಗಳನ್ನು ಸಾಕುತ್ತವೆಯೇ, ಸಾಕುವುದಾದರೆ ಆ ಗುಣ ಅವುಗಳಿಗೆ ಬಂದದ್ದು ಹೇಗೆ ಎಂಬುದನ್ನೇ ಹೆಚ್ಚಿನವರು ಕೇಳಿದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ಸಂಪಿನ ಒಳಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಬಿಳಿ ನೊರೆಯ ಉಂಡೆಯೊಂದು ಅಂಟಿಕೊಂಡಿದೆ. ಸೋಪಿನ ನೊರೆಯಿರಬೇಕೆಂದುಕೊಂಡೆವು, ಮರುದಿನವೂ ಅದು ಹಾಗೆಯೇ ಇತ್ತು. ಇದೇನು? ತೆಗೆದುಹಾಕಬಹುದೇ? (ಯಲಹಂಕದ ಓದುಗರು)

ಉತ್ತರ: ಅದು ಮರಗಪ್ಪೆಯ ನೊರೆಗೂಡು. ಬೆರಳ ತುದಿಯಲ್ಲಿ ಅಂಟುಬಿಲ್ಲೆಗಳಿರುವ, ಗೋಡೆ ಹತ್ತಬಲ್ಲ ಕಂದು ಬಣ್ಣದ ಈ ಕಪ್ಪೆಯನ್ನು ನೀವು ಬಚ್ಚಲುಮನೆಯಲ್ಲೋ ಹೂಕುಂಡದ ಹಿಂದೆಯೋ ನೋಡಿರುತ್ತೀರಿ. ರಾತ್ರಿಯ ಹೊತ್ತು ಹೆಣ್ಣು ಕಪ್ಪೆಯು ಗಂಡನ್ನು ಬೆನ್ನ ಮೇಲೆ ಹೊತ್ತುಕೊಂಡೇ ನೀರಿನ ಮೇಲಕ್ಕೆ ಚಾಚಿದ ಎಲೆಗೋ ಗೋಡೆಗೋ ಹತ್ತಿ, ತನ್ನ ಮೈಯಿಂದ ಒಸರುವ ಲೋಳೆಯನ್ನು ಹಿಂಗಾಲುಗಳಿಂದ ಮಜ್ಜಿಗೆ ಕಡೆದಂತೆ ಕಡೆಯುತ್ತದೆ. ಲೋಳೆ ನೊರೆಯಾಗುತ್ತ ಹೋದಂತೆ ಮೊಟ್ಟೆಗಳೂ ಗಂಡಿನ ವೀರ್ಯವೂ ಅದರೊಳಗೆ ಸೇರುತ್ತವೆ. ಬೆಳಗಾಗುವ ಹೊತ್ತಿಗೆ ಉಂಡೆಯ ಹೊರಮೈ ಒಣಗಿ ಗಟ್ಟಿಯಾದರೂ ಒಳಗಿನ ತೇವ ಉಳಿದಿರುತ್ತದೆ. ಕೆಲವೇ ದಿನಗಳಲ್ಲಿ ಮರಿಗಳು ಮೊಟ್ಟೆಯೊಡೆದು, ಉಂಡೆಯ ತಳ ಕರಗಿ ನೀರಾಗಿ, ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಬೀಳುತ್ತವೆ.

ಗೂಡು ಕಟ್ಟಿದ ಮೇಲೆ ತಾಯಿ ಅದನ್ನು ಕಾಯಲು ನಿಲ್ಲುವುದಿಲ್ಲ. ಆದರೂ ಮೊಟ್ಟೆಗಳು ಅತ್ಯಂತ ಅಸಹಾಯಕವಾಗಿರುವ ದಿನಗಳಲ್ಲಿ ಅವು ಮೀನಿಗೂ ನೀರುಹುಳಗಳಿಗೂ ಸಿಗದಂತೆ ಮಾಡುವ ಈ ವ್ಯವಸ್ಥೆಯನ್ನು ಪಾಲನೆಯ ಒಂದು ಬಗೆಯೆಂದೇ ನಾನು ಎಣಿಸುತ್ತೇನೆ. ಕುಡಿಯುವ ನೀರಿನ ಸಂಪಾದರೆ ಉಂಡೆಯನ್ನು ಒಡೆಯದಂತೆ ಮೆಲ್ಲಗೆ ಬಿಡಿಸಿ, ನೆರಳಿನಲ್ಲಿಟ್ಟ ಅಗಲ ಬಾಯಿಯ ಪಾತ್ರೆಯಲ್ಲಿ ಮಳೆನೀರು ತುಂಬಿ, ಅದರ ಮೇಲೆ ಅಡ್ಡಲಾಗಿಟ್ಟ ಕಡ್ಡಿಗಳ ಮೇಲೆ ಕೂರಿಸಿ. ಬಳಕೆಯ ನೀರಷ್ಟೇ ಆಗಿದ್ದರೆ ಇದ್ದಲ್ಲೇ ಬಿಡುವುದು ಒಳ್ಳೆಯದು.

ಪ್ರಶ್ನೆ: ಮೀನು, ಉಭಯವಾಸಿ, ಸರೀಸೃಪ, ಹಕ್ಕಿ, ಸಸ್ತನಿ ಎಂಬ ಕ್ರಮದಲ್ಲಿ ಮರಿಗಳ ಪಾಲನೆ ಹಂತಹಂತವಾಗಿ ಹೆಚ್ಚುತ್ತ ಬಂತು, ಕಪ್ಪೆಗಳು ನೀರಿನಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುತ್ತವೆ ಎಂದು ಓದಿದ್ದೇನೆ. ಹಾಗಿದ್ದರೆ ಮೊಟ್ಟೆ ಕಾಯುವ ಕಪ್ಪೆಗಳು ಹೇಗೆ ಬಂದವು? (ಜಯನಗರದ ಪಿಯುಸಿ ವಿದ್ಯಾರ್ಥಿನಿ)

ಉತ್ತರ: ನೀವು ಓದಿದ ಎರಡನೆಯ ಮಾತು ಬಹುಪಾಲು ಕಪ್ಪೆಗಳ ಮಟ್ಟಿಗೆ ನಿಜ. ಮೊದಲನೆಯದನ್ನು ಮಾತ್ರ ಮನಸ್ಸಿನಿಂದ ತೆಗೆದುಹಾಕಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಪಾಲನೆಯೆಂಬುದು ಕೆಳಗಿನ ಪ್ರಾಣಿಯಿಂದ ಮೇಲಿನ ಪ್ರಾಣಿಗೆ ಏರುತ್ತ ಬಂದ ಗುಣವಲ್ಲ. ಇಂದು ಜಗತ್ತಿನಲ್ಲಿ 8,000ಕ್ಕೂ ಹೆಚ್ಚು ಉಭಯವಾಸಿ ಪ್ರಭೇದಗಳು ಗೊತ್ತಿವೆ. ಅವು ಮೂರು ಗಣಗಳಿಗೆ ಸೇರುತ್ತವೆ: ಕಪ್ಪೆಗಳು, ಬಾಲವಿರುವ ಸಾಲಮಾಂಡರ್‌ಗಳು ಮತ್ತು ಕಾಲಿಲ್ಲದೆ ಮಣ್ಣಿನೊಳಗೆ ಬದುಕುವ ಸಿಸಿಲಿಯನ್‌ಗಳು. ಕಪ್ಪೆಗಳಲ್ಲಿ ನೂರಕ್ಕೆ 10ರಿಂದ 20ರಷ್ಟು ಪ್ರಭೇದಗಳು ಮೊಟ್ಟೆಯನ್ನೋ ಮರಿಯನ್ನೋ ಒಂದಲ್ಲ ಒಂದು ರೀತಿಯಲ್ಲಿ ನೋಡಿಕೊಳ್ಳುತ್ತವೆಂಬ ಅಂದಾಜಿದೆ. ಈ ಗುಣ ಒಬ್ಬ ಪೂರ್ವಜನಿಂದ ಎಲ್ಲಕ್ಕೂ ಹರಿದುಬಂದದ್ದಲ್ಲ. ಬೇರೆ ಬೇರೆ ಖಂಡಗಳಲ್ಲಿ, ಬೇರೆ ಬೇರೆ ಕುಟುಂಬಗಳಲ್ಲಿ ಅದು ಪ್ರತ್ಯೇಕವಾಗಿ ಮತ್ತೆ ಮತ್ತೆ ಹುಟ್ಟಿದೆ.

ಏಕೆ ಹುಟ್ಟಿತೆಂಬುದನ್ನು ಮೊಟ್ಟೆಯಿಂದಲೇ ಆರಂಭಿಸಿ ನೋಡಬೇಕು. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ. ಲೋಳೆಯ ಪದರವೊಂದೇ ಅದರ ರಕ್ಷಣೆ. ಈ ಪದರದ ಮೂಲಕವೇ ಭ್ರೂಣಕ್ಕೆ ಆಮ್ಲಜನಕ ಸೇರಬೇಕು, ಈ ಪದರದ ಮೂಲಕವೇ ನೀರು ಆವಿಯಾಗಿಯೂ ಹೋಗಬಹುದು. ಬೆಚ್ಚಗಿನ ನಿಂತ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಆದ್ದರಿಂದ ಅಲ್ಲಿ ಮೊಟ್ಟೆ ದೊಡ್ಡದಾದಷ್ಟೂ ನಡುವಿನ ಭ್ರೂಣ ಉಸಿರುಗಟ್ಟುವ ಅಪಾಯ ಹೆಚ್ಚು. ಜೊತೆಗೆ ಮೀನುಗಳು, ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು, ಬೇರೆ ಗೊದಮೊಟ್ಟೆಗಳು ಎಲ್ಲವೂ ಅಲ್ಲಿ ಮೊಟ್ಟೆಗಾಗಿ ಕಾದಿರುತ್ತವೆ. ನೀರಿನಿಂದ ಹೊರಗೆ, ಎಲೆಯ ಮೇಲೋ ಮಣ್ಣಿನ ಬಿಲದಲ್ಲೋ ಇಟ್ಟರೆ ಈ ಶತ್ರುಗಳು ತಪ್ಪುತ್ತವೆ, ಆಮ್ಲಜನಕ ಧಾರಾಳವಾಗಿ ಸಿಗುತ್ತದೆ, ಹೆಚ್ಚು ಆಹಾರ ತುಂಬಿದ ದೊಡ್ಡ ಮೊಟ್ಟೆಯನ್ನಿಡಲು ಸಾಧ್ಯವಾಗುತ್ತದೆ. ಆದರೆ ಮೊಟ್ಟೆ ಒಣಗುತ್ತದೆ, ಇರುವೆ ಮುತ್ತುತ್ತದೆ, ಬೂಷ್ಟು ಹಿಡಿಯುತ್ತದೆ. ಇಲ್ಲಿ ತಂದೆಯೋ ತಾಯಿಯೋ ಹತ್ತಿರ ಕುಳಿತು ಮೊಟ್ಟೆಗಳನ್ನು ತನ್ನ ಮೈತೇವದಿಂದ ತೋಯಿಸಿದರೆ, ಬಂದ ಹುಳುಗಳನ್ನು ಓಡಿಸಿದರೆ, ಉಳಿಯುವ ಮರಿಗಳ ಸಂಖ್ಯೆ ಹೆಚ್ಚುತ್ತದೆ. ನಿಸರ್ಗದ ಆಯ್ಕೆಗೆ ಅಷ್ಟು ಸಾಕು. ಪೋರ್ಟೊರಿಕೊ ದ್ವೀಪದ ಕೋಕಿ ಕಪ್ಪೆಗಳಲ್ಲಿ ಮೊಟ್ಟೆಯ ಮೇಲೆ ಕುಳಿತ ಗಂಡನ್ನು ಸಂಶೋಧಕರು ಬೇರ್ಪಡಿಸಿ ನೋಡಿದಾಗ ಮೊಟ್ಟೆಗಳು ಒಣಗಿಯೂ ಶತ್ರುಗಳಿಗೆ ಬಲಿಯಾಗಿಯೂ ನಾಶವಾಗುವುದು ಹೆಚ್ಚಿತು.

ಹಾಗೆಂದು ನೀರಿನಿಂದ ನೆಲಕ್ಕೆ ಒಂದೊಂದೇ ಹಂತ ದಾಟಿ ಬಂದವೆಂದೂ ಹೇಳುವಂತಿಲ್ಲ. ಪಳೆಯುಳಿಕೆಗಳಲ್ಲಿ ಪಾಲನೆಯ ಕುರುಹು ಉಳಿಯುವುದು ತೀರ ಅಪರೂಪ. ಹಾಗಾಗಿ ವಿಜ್ಞಾನಿಗಳು ಡಿಎನ್‌ಎ ಆಧಾರದ ವಂಶವೃಕ್ಷವನ್ನು ರಚಿಸಿ, ಇಂದಿರುವ ಪ್ರಭೇದಗಳ ನಡವಳಿಕೆಯನ್ನು ಅದರ ಮೇಲೆ ಗುರುತಿಸಿ, ಹಿಂದಿನದನ್ನು ಲೆಕ್ಕ ಹಾಕುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಪೊದೆಗಪ್ಪೆಗಳಂತೆ ಗೊದಮೊಟ್ಟೆಯ ಹಂತವೇ ಇಲ್ಲದೆ ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುವ ಕ್ರಮವು, ನಡುವಿನ ಯಾವ ಹಂತವನ್ನೂ ಹಾಯದೆ, ನೀರಿನಲ್ಲಿ ಮೊಟ್ಟೆಯಿಡುತ್ತಿದ್ದ ಪೂರ್ವಜರಿಂದಲೇ ಹಲವು ಬಾರಿ ಬಂದಿರುವಂತಿದೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 1,300ಕ್ಕೂ ಹೆಚ್ಚು ಪ್ರಭೇದಗಳನ್ನು ಪರಿಶೀಲಿಸಿದ 2019ರ ಅಧ್ಯಯನವು ಇನ್ನೂ ಮುಖ್ಯವಾದ ಸಂಗತಿಯನ್ನು ಹೇಳಿತು. ಮೊಟ್ಟೆಯ ಬಳಿ ಕುಳಿತು ಕಾಯುವಂಥ ಸರಳ ಪಾಲನೆ ಬೇಗ ಹುಟ್ಟುತ್ತದೆ, ಅಷ್ಟೇ ಬೇಗ ಅಳಿಯುತ್ತದೆ. ಮರಿಗಳನ್ನು ಮೈಯೊಳಗೆ ಹೊರುವಂಥ ಸಂಕೀರ್ಣ ಏರ್ಪಾಡು ಒಮ್ಮೆ ಬಂದರೆ ಅಳಿಯುವುದು ತೀರ ವಿರಳ. ಪಾಲನೆಯನ್ನು ಬಿಟ್ಟುಕೊಟ್ಟ ಕಪ್ಪೆಯೂ ವಿಕಾಸದ ಹಾದಿಯಲ್ಲಿ ಮುಂದೆಯೇ ಬಂದಿದೆ ಎಂಬುದನ್ನು ನೀವು ಪರೀಕ್ಷೆಯಲ್ಲಿ ಬರೆಯದಿದ್ದರೂ ನೆನಪಿಡಿ.

ಪ್ರಶ್ನೆ: ಕಪ್ಪೆಗಳಲ್ಲಿ ತಂದೆಯೇ ಮೊಟ್ಟೆ ಕಾಯುತ್ತದೆ ಎಂದು ಕೇಳಿದ್ದೇನೆ. ತಾಯಿಗೇಕೆ ಆ ಹೊಣೆ ಬರಲಿಲ್ಲ? (ಬಸವನಗುಡಿಯ ಓದುಗರು)

ಉತ್ತರ: ಎರಡೂ ಇವೆ, ಯಾರ ಪಾಲಿಗೆ ಯಾವುದು ಬಂತು ಎಂಬುದು ಬಹುಮಟ್ಟಿಗೆ ನಿಷೇಚನ ನಡೆಯುವ ಜಾಗವನ್ನು ಅವಲಂಬಿಸಿದೆ. ಹೆಚ್ಚಿನ ಕಪ್ಪೆಗಳಲ್ಲಿ ಅದು ಹೆಣ್ಣಿನ ದೇಹದ ಹೊರಗೆ, ಮೊಟ್ಟೆಯಿಡುವ ಕ್ಷಣದಲ್ಲೇ ನಡೆಯುತ್ತದೆ. ಆಗ ಗಂಡು ಅಲ್ಲಿಯೇ ಇರುತ್ತದೆ, ಮೊಟ್ಟೆಗಳು ತನ್ನವೇ ಆಗಿರುವ ಸಂಭವವೂ ಹೆಚ್ಚು. ಅನೇಕ ಪ್ರಭೇದಗಳಲ್ಲಿ ಅದು ಹೆಣ್ಣನ್ನು ಕರೆಯಲು ಹಿಡಿದುಕೊಂಡ ಜಾಗವನ್ನು ಬಿಟ್ಟು ಹೋಗುವಂತೆಯೂ ಇಲ್ಲ; ಮೊಟ್ಟೆ ಕಾಯುತ್ತಲೇ ಇನ್ನೊಂದು ಹೆಣ್ಣನ್ನೂ ಕರೆಯಬಹುದು. ಮೊಟ್ಟೆಗಾಗಿ ತನ್ನ ಶಕ್ತಿಯನ್ನೆಲ್ಲ ವ್ಯಯಿಸಿದ ಹೆಣ್ಣಿಗೆ ಬೇಗ ಮೇಯಲು ಹೋಗುವುದೇ ಲಾಭ. ಯೂರೋಪಿನ ಸೂಲಗಿತ್ತಿ ಕಪ್ಪೆಯ ಗಂಡು ಮೊಟ್ಟೆಗಳ ಸರವನ್ನು ಹಿಂಗಾಲುಗಳಿಗೆ ಸುತ್ತಿಕೊಂಡು ವಾರಗಟ್ಟಲೆ ಹೊತ್ತು ತಿರುಗಿ, ಮರಿಗಳು ಹೊರಬರುವ ಹೊತ್ತಿಗೆ ನೀರಿಗಿಳಿಯುತ್ತದೆ. ಚಿಲಿ ದೇಶದ ಡಾರ್ವಿನ್ ಕಪ್ಪೆಯ ಗಂಡು, ಕೂಗಲು ಬಳಸುವ ಗಂಟಲ ಚೀಲದಲ್ಲೇ ಗೊದಮೊಟ್ಟೆಗಳನ್ನಿಟ್ಟುಕೊಂಡು, ಅವು ಕಪ್ಪೆಗಳಾದ ಮೇಲೆ ಬಾಯಿಯಿಂದ ಹೊರಬಿಡುತ್ತದೆ. ಸಾಲಮಾಂಡರ್‌ಗಳಲ್ಲಿ ಬಹುತೇಕ ಪ್ರಭೇದಗಳ ನಿಷೇಚನ ಹೆಣ್ಣಿನ ದೇಹದೊಳಗೆ ನಡೆಯುವುದರಿಂದ ಅಲ್ಲಿ ಕಾಯುವುದು ತಾಯಿ. ಬಾಹ್ಯ ನಿಷೇಚನವಿರುವ ಜಪಾನಿನ ದೈತ್ಯ ಸಾಲಮಾಂಡರ್‌ನಲ್ಲಿ ಮಾತ್ರ ಬಿಲದ ಯಜಮಾನನಾದ ಗಂಡೇ ಬಾಲ ಬೀಸಿ ಮೊಟ್ಟೆಗಳಿಗೆ ಹೊಸ ನೀರು ತಲುಪಿಸುತ್ತದೆ. ಒಂದೇ ಗಣದೊಳಗಿನ ಈ ವ್ಯತ್ಯಾಸ ನನಗೆ ಈ ವಾದದ ಪರವಾದ ಬಲವಾದ ಸಾಕ್ಷ್ಯವಾಗಿ ಕಾಣುತ್ತದೆ.

ಇಬ್ಬರೂ ಸೇರಿ ಸಾಕುವುದು ಅಪರೂಪ. ಪೆರು ದೇಶದಲ್ಲಿ ಹತ್ತಿರದ ಸಂಬಂಧಿಗಳಾದ ಎರಡು ವಿಷಗಪ್ಪೆಗಳಿವೆ. ಒಂದು ಪ್ರಭೇದ ತುಸು ಹೆಚ್ಚು ನೀರು ನಿಲ್ಲುವ ಎಲೆಬುಡಗಳಲ್ಲಿ ಗೊದಮೊಟ್ಟೆಗಳನ್ನು ಬಿಡುತ್ತದೆ. ಅಲ್ಲಿ ಮರಿಗೆ ಆಹಾರ ತಾನಾಗಿ ಸಿಗುತ್ತದೆ, ತಂದೆಯೊಬ್ಬನ ಪಾಲನೆ ಸಾಕಾಗುತ್ತದೆ. ಇನ್ನೊಂದು ಪ್ರಭೇದ ಬಳಸುವುದು ತೀರ ಪುಟ್ಟ ನೀರಿನ ಗುಳಿಗಳನ್ನು. ಅಲ್ಲಿ ಗೊದಮೊಟ್ಟೆಗೆ ತಿನ್ನಲು ಏನೂ ಇಲ್ಲ. ಹೆಣ್ಣು ಆಗಾಗ ಬಂದು ನಿಷೇಚನಗೊಳ್ಳದ ಮೊಟ್ಟೆಯನ್ನಿಟ್ಟು ಹೋಗದಿದ್ದರೆ ಮರಿ ಸಾಯುತ್ತದೆ, ಗಂಡು ಆ ಗುಳಿಗಳನ್ನು ನೋಡಿಕೊಳ್ಳುತ್ತ ಹೆಣ್ಣನ್ನು ಅಲ್ಲಿಗೆ ಕರೆತರುತ್ತದೆ. ಜೋಡಿಯಾಗಿ ಬಾಳುವ ಈ ಪದ್ಧತಿಗೆ ಗುಳಿಯಲ್ಲಿ ನಿಲ್ಲುವ ನೀರಿನ ಪ್ರಮಾಣವೇ ಮೂಲಕಾರಣವೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಪ್ರಶ್ನೆ: ಉದಾಹರಣೆಗಳೆಲ್ಲ ದಕ್ಷಿಣ ಅಮೆರಿಕದವೇ ಏಕೆ? ಕರ್ನಾಟಕದಲ್ಲಿ ಇಂಥ ಕಪ್ಪೆಗಳಿಲ್ಲವೇ? (ರಾಜಾಜಿನಗರದ ಓದುಗರು)

ಉತ್ತರ: ಇವೆ, ಅವುಗಳ ಬಗ್ಗೆ ಬರೆಯುವುದು ನನಗೆ ಹೆಚ್ಚು ಸಂತೋಷದ ಕೆಲಸ. ಉತ್ತರ ಕನ್ನಡದ ಕತ್ತಲೆಕಾನು ರಾಮಪತ್ರೆ ಜಡ್ಡಿಗಳಿಗೆ, ಅಂದರೆ ರಾಮಪತ್ರೆ ಮರಗಳಿರುವ ಜೌಗು ನೆಲಗಳಿಗೆ, ಹೆಸರಾದ ಕಾಡು. ಅಲ್ಲಿನ ತೊರೆಗಳಲ್ಲಿರುವ ಇರುಳುಗಪ್ಪೆಯೊಂದನ್ನು ಗುರುರಾಜ ಕೆ.ವಿ. ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಅದಕ್ಕೆ ವೈಜ್ಞಾನಿಕ ಹೆಸರಿನಲ್ಲಿಯೇ ‘ಕುಂಬಾರ’ ಎಂದು ಇಟ್ಟರು. ಕತ್ತಲಾದ ಮೇಲೆ ಆಳವಿಲ್ಲದ ನೀರಿನಲ್ಲಿ ಜೋಡಿ ಕೂಡುತ್ತದೆ. ಹೆಣ್ಣು ಮುಂಗೈಗಳನ್ನು ಊರಿ ತಲೆಕೆಳಗಾಗಿ ನಿಂತು, ನೀರಿನ ಮೇಲಕ್ಕೆ ಬಾಗಿದ ಕಡ್ಡಿಗೋ ಬಂಡೆಗೋ ಮೊಟ್ಟೆಗಳನ್ನು ಅಂಟಿಸುತ್ತದೆ. ಅದು ಹೋದ ಮೇಲೆ ಗಂಡು ತೊರೆಯ ತಳದಿಂದ ಕೆಸರನ್ನು ಮುಂಗೈಗಳಲ್ಲಿ ಎತ್ತಿಕೊಂಡು, ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಗ್ಗಿ ಕೆಸರು ತೆಗೆದು ಮತ್ತೆ ಮೆತ್ತುತ್ತದೆ. ಮೊಟ್ಟೆಗಳು ಒಣಗದಂತೆ, ಶತ್ರುಗಳ ಕಣ್ಣಿಗೆ ಬೀಳದಂತೆ ಈ ಕೆಸರು ಕಾಪಾಡುತ್ತದೆ ಎಂಬುದು ಇದರ ಸಹಜ ವಿವರಣೆ. ತೊರೆಯ ನೀರನ್ನು ಪಂಪಿನಿಂದ ಎತ್ತಿ ಬತ್ತಿಸಿದರೆ ಈ ಕಪ್ಪೆಗೆ ಕೆಸರೂ ಉಳಿಯುವುದಿಲ್ಲ, ಮರಿ ಬೀಳಲು ನೀರೂ ಉಳಿಯುವುದಿಲ್ಲ.

ಇದೇ ಕುಲದ ಇನ್ನೊಂದು ಕಪ್ಪೆ ಮಹಾರಾಷ್ಟ್ರದ ಘಟ್ಟಗಳಲ್ಲಿದೆ. ಅದರ ಗಂಡು ಹೆಣ್ಣನ್ನು ಅಪ್ಪಿಹಿಡಿಯದೆ ಎಲೆಯ ಮೇಲೆ ಕೈಯೂರಿ ಅದರ ಬೆನ್ನಿಗೆ ವೀರ್ಯವನ್ನು ಸುರಿಸಿ ಸರಿದುಹೋಗುತ್ತದೆ. ಆಮೇಲೆ ಹೆಣ್ಣು ಇಡುವ ಮೊಟ್ಟೆಗಳ ಮೇಲೆ ಅದು ಇಳಿದು ಬರುತ್ತದೆ. ಕಪ್ಪೆಗಳಲ್ಲಿ ಅದುವರೆಗೆ ಗೊತ್ತಿರದ ಈ ಕ್ರಮವನ್ನು ಎಸ್.ಡಿ. ಬಿಜು ಮತ್ತು ಸಂಗಡಿಗರು 2016ರಲ್ಲಿ ವರದಿ ಮಾಡಿದರು.

ಘಟ್ಟಗಳ ದಕ್ಷಿಣ ತುದಿಯಲ್ಲಿ, ತಮಿಳುನಾಡಿನ ಕಳಕ್ಕಾಡು-ಮುಂಡಂತುರೈ ಕಾಡಿನಲ್ಲಿ, ವಾಟೆ ಬಿದಿರಿನ ಟೊಳ್ಳುಗೆಣ್ಣಿನೊಳಗೆ ಬದುಕುವ ಹಸಿರು ಪೊದೆಗಪ್ಪೆಯೊಂದಿದೆ. ಗೆಣ್ಣಿನಲ್ಲಿ ಬಿದ್ದ ಸಣ್ಣ ಸೀಳಿನಿಂದ ಒಳಸೇರಿ, ಹೆಣ್ಣು ಮೊಟ್ಟೆಯಿಟ್ಟು ಹೊರಡುತ್ತದೆ. ಉಳಿಯುವುದು ಗಂಡು. ಕೆ.ಎಸ್. ಶೇಷಾದ್ರಿ ಮತ್ತು ಡೇವಿಡ್ ಬಿಕ್‌ಫರ್ಡ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಯುವ ಗಂಡನ್ನು ತೆಗೆದಾಗ ಮೊಟ್ಟೆಗಳಿಗೆ ಬಂದ ದೊಡ್ಡ ಅಪಾಯ ಹಾವಿನಿಂದಲೋ ಇರುವೆಯಿಂದಲೋ ಅಲ್ಲ, ಅದೇ ಪ್ರಭೇದದ ಬೇರೆ ಗಂಡುಗಳಿಂದ. ಅವು ಒಳನುಗ್ಗಿ ಮೊಟ್ಟೆಗಳನ್ನೇ ತಿಂದವು. ಪಾಲನೆಯ ಒತ್ತಡ ಹೊರಗಿನ ಶತ್ರುವಿನಿಂದ ಮಾತ್ರ ಬರಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ನಾಡಿನ ಸುತ್ತಮುತ್ತ ನನಗೆ ತಿಳಿದಿಲ್ಲ.

ಪ್ರಶ್ನೆ: ಹಾಲು ಕೊಡುವ ಉಭಯವಾಸಿ ಇದೆಯೆಂಬ ಸುದ್ದಿ ನಿಜವೇ? (ಮಲ್ಲೇಶ್ವರದ ನಿವೃತ್ತ ಶಿಕ್ಷಕರು)

ಉತ್ತರ: ನಿಜ. ಅದು ಬ್ರೆಜಿಲ್ ದೇಶದ, ಮೈಮೇಲೆ ಬಳೆಗಳಂಥ ಗೆರೆಗಳಿರುವ ಒಂದು ಸಿಸಿಲಿಯನ್. ಸಾವೊ ಪೌಲೊ ನಗರದ ಬುಟಾಂಟನ್ ಸಂಸ್ಥೆಯ ವಿಜ್ಞಾನಿಗಳು ಮೊಟ್ಟೆಯಿಂದ ಬಂದ ಮರಿಗಳೊಡನಿದ್ದ ತಾಯಂದಿರನ್ನು ಗಮನಿಸಿ 2024ರಲ್ಲಿ ಇದನ್ನು ಪ್ರಕಟಿಸಿದರು. ಮರಿಗಳು ತಾಯಿಯ ಬಾಲದ ತುದಿಯ ಬಳಿ ಸೇರಿ, ಸಣ್ಣ ದನಿ ಹೊರಡಿಸುತ್ತ ಒತ್ತಾಯಿಸಿದಾಗ, ತಾಯಿ ಆ ಭಾಗವನ್ನು ಎತ್ತಿ ವಿಸರ್ಜನಾದ್ವಾರದ ಮೂಲಕ ಕೊಬ್ಬು ತುಂಬಿದ ದ್ರವವನ್ನು ಉಣಿಸುತ್ತದೆ. ದಿನಕ್ಕೆ ಹಲವು ಬಾರಿ ಹೀಗೆ ನಡೆಯುತ್ತದೆ. ಅಂಡನಾಳದ ಗ್ರಂಥಿಗಳಲ್ಲಿ ತಯಾರಾಗುವ ಈ ಆಹಾರದ ಬಲದಿಂದ ಮರಿಗಳ ತೂಕ ಮೊದಲ ವಾರದಲ್ಲೇ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಸಸ್ತನಿಗಳ ಹಾಲಿಗೂ ಇದಕ್ಕೂ ವಂಶದ ಸಂಬಂಧವಿಲ್ಲ. ಇದು ಬೇರೆಯಾಗಿಯೇ ವಿಕಾಸಗೊಂಡದ್ದು.

ಇದೇ ತಾಯಿ ತನ್ನ ಚರ್ಮವನ್ನೂ ಉಣಿಸುತ್ತದೆ. ಆ ದಿನಗಳಲ್ಲಿ ಅದರ ಹೊರಚರ್ಮ ದಪ್ಪವಾಗಿ ಕೊಬ್ಬಿನಿಂದ ತುಂಬಿರುತ್ತದೆ, ಮರಿಗಳು ಅದಕ್ಕೆಂದೇ ಮೂಡಿದ ಪುಟ್ಟ ಹಲ್ಲುಗಳಿಂದ ಅದನ್ನು ಕೆರೆದು ತಿನ್ನುತ್ತವೆ. ಚರ್ಮ ಮತ್ತೆ ಬೆಳೆಯುತ್ತದೆ. ಕೀನ್ಯಾದ ಇನ್ನೊಂದು ಸಿಸಿಲಿಯನ್‌ನಲ್ಲಿ ಈ ವರ್ತನೆ 2006ರಲ್ಲೇ ವರದಿಯಾಗಿತ್ತು. ಮರಿ ಹಾಕುವ ಸಿಸಿಲಿಯನ್‌ಗಳೂ ಇವೆ. ಅವುಗಳ ಗರ್ಭಸ್ಥ ಮರಿಗಳು ಇಂಥದೇ ಹಲ್ಲುಗಳಿಂದ ತಾಯಿಯ ಅಂಡನಾಳದ ಒಳಪದರವನ್ನು ಕೆರೆದು ತಿಂದು ಬೆಳೆಯುತ್ತವೆ. ಹುಟ್ಟಿದ ಮೇಲೆ ಹೊರಚರ್ಮ ತಿನ್ನುವುದಕ್ಕೂ ಹುಟ್ಟುವ ಮೊದಲು ಒಳಪದರ ತಿನ್ನುವುದಕ್ಕೂ ಇರುವ ಈ ಹತ್ತಿರದ ಹೋಲಿಕೆಯಿಂದ, ಮೊಟ್ಟೆಯಿಡುವ ಕ್ರಮದಿಂದ ಮರಿ ಹಾಕುವ ಕ್ರಮಕ್ಕೆ ದಾಟಿದ್ದು ಹೇಗೆಂಬುದನ್ನು ಊಹಿಸಲು ವಿಜ್ಞಾನಿಗಳಿಗೆ ದಾರಿ ಸಿಕ್ಕಿದೆ.

ನಮ್ಮ ಮಲೆನಾಡಿನ ತೋಟಗಳ ಒದ್ದೆ ಮಣ್ಣಿನಲ್ಲಿಯೂ ಸಿಸಿಲಿಯನ್‌ಗಳಿವೆ. ಅವುಗಳಲ್ಲಿ ಒಂದು ಕುಲದ ತಾಯಿ ಬಿಲದೊಳಗೆ ಮೊಟ್ಟೆಗಳ ಗೊಂಚಲನ್ನು ಮೈಯಿಂದ ಸುತ್ತಿಕೊಂಡು ಕಾಯುತ್ತದೆ. ಗುದ್ದಲಿಗೆ ಸಿಕ್ಕಿದಾಗ ಹಾವೆಂದು ತಿಳಿದು ಇವುಗಳನ್ನು ಕೊಲ್ಲುವವರಿದ್ದಾರೆ. ಇವುಗಳಿಂದ ಮನುಷ್ಯರಿಗೆ ಅಪಾಯವಿಲ್ಲ, ದಯವಿಟ್ಟು ಕೊಲ್ಲಬೇಡಿ.

ಪ್ರಶ್ನೆ: ಮಳೆಗಾಗಿ ಮಾಡುವ ಕಪ್ಪೆ ಮದುವೆಯಿಂದ ಕಪ್ಪೆಗಳಿಗೆ ತೊಂದರೆಯೇ? (ಕೆಂಗೇರಿಯ ಓದುಗರು)

ಉತ್ತರ: ನಂಬಿಕೆಯ ಬಗ್ಗೆ ನಾನು ವಾದಿಸುವುದಿಲ್ಲ. ಕಪ್ಪೆಯ ಚರ್ಮ ಮೇಲೆ ಬಿದ್ದದ್ದನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಅರಿಶಿನ, ಕುಂಕುಮ, ಬಣ್ಣಗಳನ್ನು ಹಚ್ಚಬಾರದು. ಒದ್ದೆ ಕೈಯಿಂದ ಹಿಡಿದು, ಅಂದೇ, ಹಿಡಿದ ಜಾಗದಲ್ಲೇ ಬಿಡಬೇಕು.

ಪ್ರಶ್ನೆ: ಹೊಟ್ಟೆಯಲ್ಲಿ ಮರಿ ಬೆಳೆಸುತ್ತಿದ್ದ ಕಪ್ಪೆ ಈಗಿಲ್ಲವಂತೆ, ಹೌದೇ? (ವಿಜಯನಗರದ ಓದುಗರು)

ಉತ್ತರ: ಹೌದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ತೊರೆಗಳಲ್ಲಿದ್ದ ಆ ಕಪ್ಪೆಯ ಹೆಣ್ಣು ನಿಷೇಚನಗೊಂಡ ಮೊಟ್ಟೆಗಳನ್ನು ನುಂಗುತ್ತಿತ್ತು. ಮೊಟ್ಟೆಯ ಲೋಳೆಯಲ್ಲಿಯೂ ಗೊದಮೊಟ್ಟೆಗಳು ಸ್ರವಿಸುವ ದ್ರವದಲ್ಲಿಯೂ ಇದ್ದ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು ಜಠರದ ಆಮ್ಲವನ್ನು ತಡೆಯುತ್ತಿತ್ತು. ತಾಯಿ ಅಷ್ಟೂ ದಿನ ಉಪವಾಸವಿದ್ದು, ಕೊನೆಗೆ ಪುಟ್ಟ ಕಪ್ಪೆಗಳನ್ನು ಬಾಯಿಯಿಂದ ಹೊರಹಾಕುತ್ತಿತ್ತು. ವಿಜ್ಞಾನಕ್ಕೆ ಅದು ಪರಿಚಯವಾದದ್ದು 1973ರಲ್ಲಿ. ಕಾಡಿನಲ್ಲಿ ಕೊನೆಯ ಬಾರಿ ಕಂಡದ್ದು 1981ರಲ್ಲಿ. ಅದರ ಏಕೈಕ ಸಂಬಂಧಿ ಪ್ರಭೇದ 1984ರಲ್ಲಿ ಪತ್ತೆಯಾಗಿ 1985ರ ನಂತರ ಯಾರಿಗೂ ಕಾಣಲಿಲ್ಲ. ಜಠರವನ್ನೇ ಗರ್ಭವಾಗಿಸಿಕೊಂಡ ಇನ್ನೊಂದು ಕಪ್ಪೆ ಗೊತ್ತಿಲ್ಲದಿರುವುದರಿಂದ, ಇದು ಹೇಗೆ ವಿಕಾಸವಾಯಿತೆಂದು ಜೀವಂತ ಪ್ರಾಣಿಯಲ್ಲಿ ಪರೀಕ್ಷಿಸುವ ಅವಕಾಶ ನಮ್ಮ ಕೈತಪ್ಪಿತು. 2023ರ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯವಾಸಿಗಳಲ್ಲಿ ನೂರಕ್ಕೆ 41ರಷ್ಟು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಖಾಲಿ ನಿವೇಶನದಲ್ಲಿ ಪಾಯಕ್ಕೆ ತೋಡಿದ ಗುಂಡಿಯ ಮಳೆನೀರಿನಲ್ಲಿ ಸಾವಿರಾರು ಕಪ್ಪು ಗೊದಮೊಟ್ಟೆಗಳಿವೆ. ನೀರು ಇಂಗುತ್ತಿದೆ. ಹಿಡಿದು ಕೆರೆಗೆ ಬಿಡಬಹುದೇ? (ವೈಟ್‌ಫೀಲ್ಡಿನ ಓದುಗರು)

ಉತ್ತರ: ನೀವು ಹೇಳುವ ವಿವರ ನೋಡಿದರೆ ಅವು ನೆಲಗಪ್ಪೆಯ ಮರಿಗಳಿರಬೇಕು. ಅದು ಉದ್ದನೆಯ ಲೋಳೆ ದಾರದಲ್ಲಿ ಸಾವಿರಾರು ಮೊಟ್ಟೆಗಳನ್ನು ಪೋಣಿಸಿಟ್ಟು ಹೋಗುತ್ತದೆ, ಮತ್ತೆ ಬರುವುದಿಲ್ಲ. ಇದನ್ನು ತಾಯಿಯ ನಿರ್ಲಕ್ಷ್ಯವೆಂದು ತಿಳಿಯಬಾರದು. ಕಾಯುವುದಕ್ಕೆ ಹಾಕಬಹುದಾದ ಶಕ್ತಿಯನ್ನು ಅದು ಮೊಟ್ಟೆಗಳ ಸಂಖ್ಯೆಗೆ ಹಾಕಿದೆ, ಮೀನಿಲ್ಲದ ತಾತ್ಕಾಲಿಕ ನೀರಿನಲ್ಲಿ ಅದು ಚೆನ್ನಾಗಿಯೇ ಫಲ ಕೊಡುತ್ತದೆ. 2020ರಲ್ಲಿ ಬೆಂಗಳೂರಿನ ಹೊರವಲಯದಿಂದ ವಿವರಿಸಿ ಈ ಊರಿನ ಹೆಸರನ್ನೇ ಇಟ್ಟ ಬಿಲಗಪ್ಪೆಯ ಕುಲವೂ ಮಳೆಗಾಲದ ಇಂಥ ಹೊಂಡಗಳನ್ನೇ ನಂಬಿದೆ.

ಕೆರೆಗೆ ಬಿಡಬೇಡಿ. ಅಲ್ಲಿ ಮೀನುಗಳಿರುತ್ತವೆ, ಮೇಲಾಗಿ ಒಂದು ನೀರಿನ ಶಿಲೀಂಧ್ರ ರೋಗ ಇನ್ನೊಂದು ನೀರಿಗೆ ಹೀಗೆಯೇ ಹರಡುತ್ತದೆ. ನೀರು ತೀರ ಕಡಿಮೆಯಾದರೆ ಕ್ಲೋರಿನ್ ಹಾಕಿದ ನಲ್ಲಿ ನೀರಿನ ಬದಲು, ಹಿಡಿದಿಟ್ಟ ಮಳೆನೀರನ್ನೋ ಕೊಳವೆಬಾವಿಯ ನೀರನ್ನೋ ಸ್ವಲ್ಪಸ್ವಲ್ಪವಾಗಿ ಸೇರಿಸಿ. ಗುಂಡಿಯ ಅಂಚು ಕಡಿದಾಗಿದ್ದರೆ ಕಾಲು ಮೂಡಿದ ಮರಿಗಳು ಹತ್ತಿ ಬರಲಾರದೆ ಮುಳುಗಿ ಸಾಯುತ್ತವೆ. ನಿವೇಶನದವರನ್ನು ಕೇಳಿ ಒರಟು ಹಲಗೆಯೊಂದನ್ನು ನೀರಿನಿಂದ ಅಂಚಿನವರೆಗೆ ಓರೆಯಾಗಿ ಇರಿಸಿ, ಆ ಕೆಲವು ವಾರ ತುಳಿಯದೆ ಮಣ್ಣು ಸುರಿಯದೆ ಬಿಡುವಂತೆ ಅವರಿಗೆ ತಿಳಿಸಿ.